ಮಣ್ಣಿನ ಜರಡಿಗೆ ಮಣ್ಣಿನ ಉಡಿ

ರಾಯಚೂರು
3 ಸೆಪ್ಟೆಂಬರ್ 2024

ನಾಹಿದ್,

ಈ ಅಜ್ಜಿಯ ಕೈಗೆ ಪೆನ್ನು ಕೊಟ್ಟು ನಿನಗೂ ನಿನ್ನ ಜಹೀರ್ ಮಾಮುಗೂ ಏನು ಸಿಕ್ಕಿತೋ ಗೊತ್ತಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆಮೇಲೆ ಬರೆದದ್ದೆಂದರೆ ಜರಡಿಯ ಅಂಚಿನ ಮೇಲೆ ಗಿರಾಕಿಯ ಹೆಸರು, ಅಷ್ಟೇ. ಮನೆಯಲ್ಲಿ ಆಡುವ ಮಾತು ಬರೆಯಲು ನನಗೆ ಅಕ್ಷರ ಬರುವುದಿಲ್ಲ, ಬರುವ ಅಕ್ಷರದಲ್ಲಿ ನಾವು ಮಾತಾಡುವುದಿಲ್ಲ. ಈಗ ಈ ವಯಸ್ಸಿನಲ್ಲಿ ಕನ್ನಡ ಮಾಸ್ತರರ ಮುಂದೆ ಕೂತ ಹಾಗೆ ಕೂತಿದ್ದೇನೆ.

ಫೋನಿನಲ್ಲಿ ನೀನು ಏನೋ ಅನ್ನುತ್ತೀ, ನನಗೆ ತಗಡಿನ ಮೇಲೆ ಮಳೆ ಬಿದ್ದ ಹಾಗೆ ಕೇಳಿಸುತ್ತದೆ. ನಾನು ಜೋರಾಗಿ ಮಾತಾಡಿದರೆ ಜಹೀರ್ ಬಲಗಿವಿಗೆ ಬಾಯಿ ಹಚ್ಚುತ್ತಾನೆ. "ಅಮ್ಮೀ, ಇಡೀ ಬಿಲ್ಡಿಂಗ್ ಕೇಳಾಕತ್ತದ. ಕೂಗಬ್ಯಾಡ್ರಿ, ಬರೀರಿ."

"ಕೇಳಲಿ ಬಿಡು. ಯಾರಿಗರ ಕೇಳಿಸಲಿ" ಅಂದೆ. ಅವನು ಕಾಗದ ತಂದಿಟ್ಟ.

ದೇವದುರ್ಗದಲ್ಲಿ ಟಂಟಂ ಗಾಡಿಯ ಹಾರ್ನು ನನಗೆ ಕೇಳಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಜುಲೈನಲ್ಲಿ ನನ್ನನ್ನು ಇಲ್ಲಿಗೆ ಎತ್ತಿಕೊಂಡು ಬಂದಿದ್ದಾರೆ. ಗಾಡಿ ತಾಗಲೇ ಇಲ್ಲ. ಮೂರನೇ ಮಹಡಿ. ಕೆಳಗಿಳಿಯಬೇಕಾದರೆ ಒಬ್ಬರು ಜೊತೆಗೆ ಬರಬೇಕು, ಬರಲು ಒಬ್ಬರಿಗೂ ಪುರುಸೊತ್ತಿಲ್ಲ. ನನ್ನ ಜರಡಿ ಅಂಗಡಿಯ ಕೀಲಿ ಜಹೀರನ ಜೇಬಿನಲ್ಲಿದೆ.

ಜರಡಿ ಮಾಡಿಕೊಡಿ ಎಂದು ನೀನು ಬಲೆ, ಹಿತ್ತಾಳೆ ಬಳೆ ಪಾರ್ಸೆಲ್ ಕಳಿಸಿದ್ದರಿಂದ ಒಂದು ದಿನ ಬಿಡುಗಡೆ ಸಿಕ್ಕಿತು. ನನ್ನ ಸಾಮಾನೆಲ್ಲ ಅಲ್ಲಿದೆ, ಇಲ್ಲಿ ಬೆಸುಗೆ ಹಾಕಲು ಬರುವುದಿಲ್ಲ ಎಂದು ಹಟ ಮಾಡಿ ದೇವದುರ್ಗಕ್ಕೆ ಹೋದೆ. ಇದೆಂಥ ಬಲೆ ಕಳಿಸಿದೆ ಮಾರಾಯಳೇ? ಇದರಲ್ಲಿ ಕಣ್ಣಿಗೆ ಹಚ್ಚುವ ಸುರ್ಮಾ ಕೂಡ ಕೆಳಗಿಳಿಯಲಿಕ್ಕಿಲ್ಲ. ಪಕ್ಕದ ಮನೆಯ ಅಯ್ಯಮ್ಮ ಒಂದು ತುದಿ ಎಳೆದು ಹಿಡಿದಳು, ನಾನು ನಿನ್ನ ಹಿತ್ತಾಳೆ ಬಳೆಗೆ ಸುತ್ತ ಬೆಸುಗೆ ಹಾಕಿದೆ. ಡೊಳ್ಳಿನ ಹಾಗೆ ಬಿಗಿಯಾಗಿದೆ.

ಖಾಲಿ ಜರಡಿ ನನ್ನ ಅಂಗಡಿಯ ಹೊಸ್ತಿಲು ದಾಟಿಲ್ಲ, ಅದು ನಿನಗೂ ಗೊತ್ತು. ಹಿಟ್ಟಿನ ಜರಡಿಗೆ ಹಿಟ್ಟು, ಜೋಳದ್ದಕ್ಕೆ ಜೋಳ, ಉಸುಕಿನದಕ್ಕೆ ಉಸುಕು, ಒಂದು ಚಿಟಿಕೆಯಾದರೂ ಹಾಕಿ ಆಡಿಸಿಯೇ ಕೊಡಬೇಕು. ಅಯ್ಯಮ್ಮ ಇದಕ್ಕೆ ಜರಡಿಗೆ ಉಡಿ ತುಂಬುವುದು ಅನ್ನುತ್ತಾಳೆ. ನಿನ್ನದಕ್ಕೂ ತುಂಬಿದ್ದೇನೆ.

ಡಿಗ್ರಿ ಮುಗಿದು ಕೆಲಸ ಸಿಕ್ಕ ಮೇಲೆ ಸಮುದ್ರದ ಹತ್ತಿರ, ಮೆಟ್ಟಿಲಿಲ್ಲದ ಮನೆ ಹಿಡಿದು ನನ್ನನ್ನು ಕರೆದುಕೊಂಡು ಹೋಗುತ್ತೇನೆ ಅಂದಿದ್ದೆ. ಅದು ಕಿವಿ ನೆಟ್ಟಗಿದ್ದಾಗ ಕೇಳಿಸಿಕೊಂಡ ಮಾತು. ನೆನಪಿರಲಿ.

ಮುನವ್ವರ್ ಬೀ


ಕಾಕಿನಾಡ
19 ಸೆಪ್ಟೆಂಬರ್ 2024

ನಾನಿಮಾ, ಅಸ್ಸಲಾಮು ಅಲೈಕುಂ.

ಜರಡಿ ತಲುಪಿತು. ಲ್ಯಾಬಿನಲ್ಲಿ ಎಲ್ಲರೂ ತಟ್ಟಿ ತಟ್ಟಿ ನೋಡಿದರು. ಹೊಸದಕ್ಕೆ ಅರ್ಜಿ ಹಾಕಿದ್ದರೆ ಮುಂದಿನ ಬೇಸಿಗೆಯವರೆಗೆ ಕಾಯಬೇಕಿತ್ತು. ನಿಮ್ಮ ಪತ್ರ ಓದಿ ನಕ್ಕೆ, ಆಮೇಲೆ ನಗು ಬರಲಿಲ್ಲ. ಮೂರನೇ ಮಹಡಿಯ ವಿಷಯ ಅಮ್ಮ ನನಗೆ ಹೇಳಿಯೇ ಇರಲಿಲ್ಲ. "ರಾಯಚೂರಾಗ ಆರಾಮ ಇದ್ದಾರ" ಅಂದಿದ್ದಳು.

ಈ ಜರಡಿ ಯಾತಕ್ಕೆ ಎಂದು ನೀವು ಕೇಳುತ್ತಲೇ ಇದ್ದಿರಿ, ಫೋನಿನಲ್ಲಿ ಹೇಳಲು ಆಗಲಿಲ್ಲ. ರಾಜಮಂಡ್ರಿ ಹತ್ತಿರದ ಕಲ್ಲುಗಣಿಗಳಲ್ಲಿ ಕೆಳಗೊಂದು ಲಾವಾ ಪದರ ಇದೆ, ಮೇಲೊಂದು ಇದೆ. ಭೂಮಿಯಿಂದ ಉಕ್ಕಿ ಹರಿದು ಬಂದು ಕಪ್ಪು ಕಲ್ಲಾದದ್ದು. ಎರಡರ ನಡುವೆ ಸಮುದ್ರದ ತಳದ ಕೆಸರು ಸಿಕ್ಕಿಕೊಂಡಿದೆ. ಅದನ್ನು ಪದರಪದರವಾಗಿ ಚೀಲಕ್ಕೆ ತುಂಬಿ, ನೆನೆಸಿ, ಜರಡಿಯಲ್ಲಿ ತೊಳೆಯುತ್ತೇನೆ. ಮಣ್ಣು ಹೋಗುತ್ತದೆ, ಚಿಪ್ಪು ಉಳಿಯುತ್ತವೆ. ರಂಜಾನ್ ಹಬ್ಬಕ್ಕೆ ಬಂದಾಗ ಕಂದೀಲಿನ ಗಾಜಿನಂಥ ಮಸೂರದಲ್ಲಿ ತೋರಿಸಿದ್ದೆನಲ್ಲ, ಅಂಥವು. ಫೊರಾಮಿನಿಫೆರಾ ಎಂದು ಹೆಸರು. ಸಾಸಿವೆಗಿಂತ ಎಷ್ಟೋ ಸಣ್ಣ.

ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯ ಮೇಲಿನ ಜೀವಗಳಲ್ಲಿ ಬಹುಪಾಲು ಸತ್ತುಹೋದವು. ಆ ಹೊತ್ತಿಗೆ ಸಮುದ್ರದ ನೀರು ಹೇಗಿತ್ತು, ಎಷ್ಟು ಕೆಟ್ಟಿತ್ತು, ಯಾವಾಗ ಸುಧಾರಿಸಿತು ಎಂಬುದನ್ನು ಈ ಚಿಪ್ಪುಗಳೇ ಹೇಳಬೇಕು. ದುರಂತಕ್ಕೆ ಮುಂಚೆ ದೊಡ್ಡವು, ಅಂಚು ಕಟ್ಟಿದವು, ಚಂದದವು ಇದ್ದವು. ಆಮೇಲಿನ ಕೆಸರಿನಲ್ಲಿ ಬರೀ ಸಣ್ಣವು. ಕೆಟ್ಟ ನೀರಿನಲ್ಲೂ, ಹಸಿವಿನಲ್ಲೂ ಬದುಕಬಲ್ಲವು. ನಾನು ತೊಳೆಯುತ್ತಿರುವುದು ಈ ಆಮೇಲಿನ ಕೆಸರು.

ಒಂದು ಚೀಲ ತೊಳೆದ ಮೇಲೆ ಜರಡಿಯನ್ನು ನೀಲಿ ಬಣ್ಣದ ನೀರಿನಲ್ಲಿ ಅದ್ದುತ್ತೇವೆ. ಹಿಂದಿನ ಚಿಪ್ಪೇನಾದರೂ ಉಳಿದಿದ್ದರೆ ನೀಲಿಯಾಗುತ್ತದೆ. ಮುಂದಿನ ಚೀಲದಲ್ಲಿ ನೀಲಿ ಚಿಪ್ಪು ಸಿಕ್ಕರೆ ಅದು ಹಳೆಯ ಗಿರಾಕಿ ಎಂದು ಪಕ್ಕಕ್ಕಿಡುತ್ತೇವೆ. ನಿಮ್ಮ ಜರಡಿಯಲ್ಲಿ ಮೊದಲು ಹದಿನಾಲ್ಕನೇ ಚೀಲ ತೊಳೆದೆ. ಈಗ ಕೂತು ನೋಡುವುದಷ್ಟೇ ಬಾಕಿ.

ಮೆಟ್ಟಿಲಿಲ್ಲದ ಮನೆಯ ಮಾತು ನನಗೂ ನೆನಪಿದೆ.

ನಿಮ್ಮ ನಾಹಿದ್


ರಾಯಚೂರು
6 ಅಕ್ಟೋಬರ್ 2024

ನಾಹಿದ್,

ಓದಿದೆ. ಎರಡು ಕಲ್ಲಿನ ನಡುವೆ ಸಿಕ್ಕಿಕೊಂಡ ಕೆಸರಿನ ವಿಷಯ ನನಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆಳಗೆ ಎರಡನೇ ಮಹಡಿ, ಮೇಲೆ ನಾಲ್ಕನೇ ಮಹಡಿ.

ನಿನ್ನ ತಾಯಿ ಕಮರುನ್ನೀಸಾ ಶುಕ್ರವಾರ ಮಾನ್ವಿಯಿಂದ ಬಂದಿದ್ದಳು. "ಮಂದಿ ಮಕ್ಕಳು ಕಲ್ತು ಮ್ಯಾಲ ಬಂದ್ರು, ನಮ್ಮಾಕಿ ಅಲ್ಲಿ ಉಸುಕು ತೊಳ್ಯಾಕ ಹೋಗ್ಯಾಳ ನೋಡು" ಅಂದಳು. ನಾನು ಅಂದೆ, "ನಿನ್ನ ಹೊಟ್ಟಿ ತುಂಬಿಸಿದ್ದು ನನ್ನ ಜರಡಿನೇ. ಉಸುಕು ತೊಳದ್ರ ಏನಾತು?" ಮುಖ ಊದಿಸಿಕೊಂಡು ಚಹಾ ಕುಡಿಯದೆ ಹೋದಳು. ಹೋಗಲಿ. ಚಹಾ ಉಳಿಯಿತು.

ಸತ್ತವು ಯಾವು, ಉಳಿದವು ಯಾವು ಎಂದು ನೋಡುತ್ತಾ ಕೂತಿದ್ದೀ. ಸರಿ. ಬೇಗ ಮುಗಿಸು. ಈ ಕಿಟಕಿಯಿಂದ ನನಗೆ ಕಾಣುವುದು ಪಕ್ಕದ ಬಿಲ್ಡಿಂಗಿನ ನೀರಿನ ಟ್ಯಾಂಕು ಒಂದೇ. ಅದರ ಮೇಲೆ ಬರೆದ ಕಂಪನಿಯ ಹೆಸರು ಹಿಂದುಮುಂದಾಗಿ ಓದಿಯಾಯಿತು.

ಮುನವ್ವರ್ ಬೀ


ಕಾಕಿನಾಡ
28 ಅಕ್ಟೋಬರ್ 2024

ನಾನಿಮಾ,

ಸಲಾಂ ಆಮೇಲೆ, ಮೊದಲು ಸುದ್ದಿ. ಸಿಕ್ಕಿವೆ! ಹದಿನಾಲ್ಕನೇ ಚೀಲದಲ್ಲಿ ದೊಡ್ಡ ಚಿಪ್ಪು ಸಿಕ್ಕಿವೆ. ದುರಂತದಲ್ಲಿ ಒಂದೂ ಉಳಿಯಲಿಲ್ಲ ಎಂದು ಎಲ್ಲರೂ ಬರೆದಿರುವ ಜಾತಿ. ಜೋಡಿ ಅಂಚಿನವು. ನೀವು ಹಬ್ಬದ ದಿನ ಮಸೂರದಲ್ಲಿ ನೋಡಿ "ಇದಕ್ಕ ಸೆರಗಿನಂಗ ಗೋಟು ಹಚ್ಯಾರ" ಅಂದಿದ್ದಿರಲ್ಲ, ಅದೇ ಜಾತಿ. ಅದು ಇರಬೇಕಾದದ್ದು ದುರಂತಕ್ಕೆ ಮುಂಚಿನ ಕಾಲದಲ್ಲಿ. ಇಲ್ಲಿ ಲಾವಾದ ಮೇಲೆ, ಎಲ್ಲ ಸತ್ತಮೇಲಿನ ಕೆಸರಿನಲ್ಲಿ ಇದೆ. ಒಂದಲ್ಲ, ನಾಲ್ಕು!

ನಮ್ಮ ಸರ್ ಸ್ಟೂಲಿನಿಂದ ಎದ್ದು ನಿಂತರು. ಇವು ಸತ್ತಿರಲಿಲ್ಲ ಎಂದಾದರೆ ಈ ಮೂಲೆಯ ಸಮುದ್ರ ಬೇರೆಡೆಯಷ್ಟು ಕೆಟ್ಟಿರಲಿಲ್ಲ ಎಂದಾಗುತ್ತದೆ. ಪುಸ್ತಕ ತಿದ್ದಬೇಕಾಗುತ್ತದೆ. ಉಳಿದ ಚಿಪ್ಪುಗಳು ಬಿಳಿ, ಈ ನಾಲ್ಕು ಮಾತ್ರ ಸ್ವಲ್ಪ ಹಳದಿ. ಸರ್ ಅದಕ್ಕೂ ಏನೋ ಕಾರಣ ಹೇಳಿದರು, ನಾನು ಸಂತೋಷದಲ್ಲಿ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಜನವರಿ 20ಕ್ಕೆ ದೊಡ್ಡ ಸಭೆ ಇದೆ. ನಾನೇ ನಿಂತು ಹೇಳಬೇಕಂತೆ. ಆಮೇಲೆ ಇಲ್ಲಿಯ ಪ್ರಾಜೆಕ್ಟಿನಲ್ಲೇ ಕೆಲಸ ಎಂದು ಸರ್ ಮಾತು ಕೊಟ್ಟಿದ್ದಾರೆ. ನಾನಿಮಾ, ನಿನ್ನೆ ಸಂಜೆ ದುಮ್ಮುಲಪೇಟೆ ಕಡೆ, ಸಮುದ್ರಕ್ಕೆ ಹತ್ತಿರ, ಒಂದು ಮನೆ ನೋಡಿಬಂದೆ. ಮೆಟ್ಟಿಲಿಲ್ಲ. ಮುಂದೆ ಕಟ್ಟೆ ಇದೆ, ನೀವು ಕೂತು ಕೆಲಸ ಮಾಡಬಹುದು.

ನಿಮ್ಮ ಜರಡಿಯ ಕಾಲ್ಗುಣ!

ನಾಹಿದ್


ರಾಯಚೂರು
10 ನವೆಂಬರ್ 2024

ನಾಹಿದ್,

ಒಂದೇ ಪ್ರಶ್ನೆ. ಹದಿನಾಲ್ಕನೇ ಚೀಲಕ್ಕೆ ಮುಂಚೆ ನನ್ನ ಜರಡಿಯನ್ನು ನೀಲಿ ನೀರಿನಲ್ಲಿ ಅದ್ದಿದ್ದೆಯೋ ಇಲ್ಲವೋ?

ಮುನವ್ವರ್ ಬೀ


ಕಾಕಿನಾಡ
24 ನವೆಂಬರ್ 2024

ನಾನಿಮಾ,

ಇಷ್ಟು ದೊಡ್ಡ ಸುದ್ದಿಗೆ ಒಂದೇ ಸಾಲು? ಮನೆಯ ಬಗ್ಗೆ ಒಂದು ಮಾತಿಲ್ಲ. ಸಿಟ್ಟೇ? ನಾನು ನಿಮ್ಮ ಕೆಲಸದ ಮೇಲೆ ಅನುಮಾನಪಟ್ಟೆ ಎಂದು ತಿಳಿದುಕೊಂಡಿರಾ? ಇಲ್ಲ ನಾನಿಮಾ. ಹೊಸ ಜರಡಿ, ನಿಮ್ಮ ಕೈಯದು, ಅದಕ್ಕೆ ನೀಲಿ ಯಾಕೆ? ಅದ್ದಲಿಲ್ಲ. ಒಳಗೆ ಒಂದಿಷ್ಟು ಪುಡಿ ಇತ್ತು. ನಿಮ್ಮ ಉಡಿ ಅಕ್ಕಿಹಿಟ್ಟಿನದೇ ಇರಬೇಕು ಎಂದುಕೊಂಡೆ. ನಲ್ಲಿಯ ಕೆಳಗೆ ಹಿಡಿದು ನೀರು ಹಾಯಿಸಿದೆ, ಹೋಯಿತು.

ಸಭೆಗೆ ಚಿತ್ರಗಳೆಲ್ಲ ತಯಾರಾಗಿವೆ. ನಾಲ್ಕರಲ್ಲಿ ಒಂದರ ಚಿತ್ರವನ್ನು ಗೋಡೆಯಷ್ಟು ದೊಡ್ಡದು ಮಾಡಿಸಿದ್ದಾರೆ. ದಿನಾ ಅದರ ಮುಂದೆ ಕೂತು ಊಟ ಮಾಡುತ್ತೇನೆ.

ಮನೆ ಮಾಲೀಕರಿಗೆ ಫೆಬ್ರವರಿಯಿಂದ ಎಂದು ಹೇಳಿದ್ದೇನೆ. ಸಂತೋಷವಾಗಿದೆ ಎಂದಾದರೂ ಬರೆಯಿರಿ.

ನಾಹಿದ್


ರಾಯಚೂರು
15 ಡಿಸೆಂಬರ್ 2024

ನಾಹಿದ್,

ತಡ ಮಾಡಿದೆ. ದೇವದುರ್ಗಕ್ಕೆ ಹೋಗಿ ಕಣ್ಣಾರೆ ನೋಡದೆ ಬರೆಯಬಾರದು ಎಂದುಕೊಂಡೆ. ಜಹೀರ್ ಕೀಲಿ ಕೊಡಲು ಹದಿನೈದು ದಿನ ಆಡಿಸಿದ. "ಮತ್ತ್ಯಾಕ ಅಮ್ಮೀ? ಅಲ್ಲೇನದ?" ಏನದ ಎಂದು ಅವನಿಗೆ ಹೇಳಿದರೆ ನನ್ನ ತಲೆಯೂ ಹೋಯಿತು ಎಂದು ಬೀಗ ಇನ್ನೊಂದು ಹಾಕುತ್ತಾನೆ. ಕೊನೆಗೆ ಊಟ ಬಿಟ್ಟೆ. ಕೀಲಿ ಬಂತು.

ಹಬ್ಬಕ್ಕೆ ಬಂದಾಗ ನೀನು ಒಂದು ಹಳದಿ ಡಬ್ಬಿಯಲ್ಲಿ ಮಣ್ಣು ತಂದಿದ್ದೆ. ಸಮುದ್ರದಂಚಿನ ಕೊಳವೆಬಾವಿಯ ಆಳದ್ದು, ಎಲ್ಲ ಸಾಯುವುದಕ್ಕೆ ಮುಂಚಿನ ಕಾಲದ್ದು ಅಂದೆ. ಮಸೂರದಲ್ಲಿ ನನಗೆ ಗೋಟಿನ ಚಿಪ್ಪು ತೋರಿಸಿದ್ದು ಅದರೊಳಗಿಂದಲೇ. "ನಾನಿಮಾ, ಇಟ್ಟುಕೊಳ್ರಿ" ಎಂದು ನನ್ನ ಬೆಸುಗೆ ಸಾಮಾನಿನ ಪಕ್ಕದಲ್ಲಿಟ್ಟು ಹೋದೆ.

ನಿನ್ನ ಜರಡಿ ಮುಗಿದ ದಿನ ಉಡಿ ತುಂಬಲು ಅಯ್ಯಮ್ಮನ ಮನೆಯಿಂದ ಅಕ್ಕಿಹಿಟ್ಟು ತರಿಸಬೇಕೆಂದಿದ್ದೆ. ಅಯ್ಯಮ್ಮ ಕೂಗಿದಳು. ಆಕೆ ಬಸ್ ಸ್ಟ್ಯಾಂಡಿನಲ್ಲಿ ಹಣ್ಣು ಮಾರಿದವಳು, ಆಕೆ ಕೂಗಿದರೆ ಮಾತ್ರ ನನಗೆ ನೆಟ್ಟಗೆ ಕೇಳಿಸುತ್ತದೆ. "ಯಕ್ಕಾ, ಈ ಜರಡಿಗಿ ಹಿಟ್ಟು ಯಾಕಬೇ? ಆ ಹುಡುಗಿ ಮಣ್ಣು ತೊಳಿತದ ಅಂತಿ. ಮಣ್ಣಿನ ಜರಡಿಗಿ ಮಣ್ಣಾ ಹಾಕು!"

ಮಾತು ಸರಿ ಅನ್ನಿಸಿತು. ಹೊರಗಿನ ಎರೆಮಣ್ಣು ಹಾಕಿದರೆ ನಿನ್ನ ಕೆಲಸಕ್ಕೆ ಹೊಲಸು. ನಿನ್ನದೇ ಮಣ್ಣು, ನಿನ್ನದೇ ಜರಡಿ ಎಂದು ಡಬ್ಬಿ ತೆರೆದು ಮೂರು ಬೆರಳಿನಲ್ಲಿ ತೆಗೆದು ಹಾಕಿ ಆಡಿಸಿದೆ. ತಟ್ಟಿದೆ, ತೊಳೆಯಲಿಲ್ಲ. ತುಂಬಿದ ಉಡಿಯನ್ನು ಕೊಟ್ಟವರೇ ಝಾಡಿಸುವುದಿಲ್ಲ.

ಮೊನ್ನೆ ಹೋಗಿ ಡಬ್ಬಿ ತೆರೆದೆ. ಮೂರು ಬೆರಳಿನ ಗುಂಡಿ ಹಾಗೆಯೇ ಇದೆ. ಮಣ್ಣು ಹಳದಿ. ನಿನ್ನ ನಾಲ್ಕು ಚಿಪ್ಪೂ ಹಳದಿ ಎಂದು ನೀನೇ ಬರೆದಿದ್ದೀ.

ಬಲೆಯ ಮೇಲಿಂದ ನೀರು ಹಾಯಿಸಿದರೆ ಬಲೆ ಚೊಕ್ಕಟವಾಗುತ್ತದೆ. ಬಳೆಗೂ ಬಲೆಗೂ ಬೆಸುಗೆ ಕೂಡುವ ಸಂದಿ ಚೊಕ್ಕಟವಾಗುವುದಿಲ್ಲ. ಅಲ್ಲಿ ಸಿಕ್ಕಿಕೊಂಡದ್ದು ನೆನೆದ ಮೇಲೆ, ಉಜ್ಜಿದ ಮೇಲೆ ಹೊರಬರುತ್ತದೆ. ಹದಿನಾಲ್ಕನೇ ಚೀಲಕ್ಕೆ ಬಂದಿದೆ.

ಅವು ಉಳಿದು ಬಂದವಲ್ಲ. ನಾನು ಹಾಕಿದವು. ನಿನ್ನ ಸರ್‌ಗೆ ಹೇಳು.

ಮುನವ್ವರ್ ಬೀ


ಕಾಕಿನಾಡ
27 ಡಿಸೆಂಬರ್ 2024

ನಾನಿಮಾ,

ನಿಮ್ಮ ಪತ್ರ ಬಂದು ಒಂದು ವಾರವಾಯಿತು. ಸರ್‌ಗೆ ಹೇಳಿಲ್ಲ.

ನೀವು ಹೇಳುವುದು ನಿಜವೇ ಎಂದು ಹೇಗೆ ತಿಳಿಯಬೇಕು? ಬೇರೆ ಜರಡಿಗೂ ನೀವು ಎಷ್ಟೋ ಸಲ ಉಡಿ ತುಂಬಿದ್ದೀರಿ, ಯಾವುದಕ್ಕೆ ಏನು ಹಾಕಿದಿರಿ ಎಂದು ಮರೆತಿರಬಹುದು. ಆ ಗುಂಡಿ ಹಬ್ಬದ ದಿನ ನಾನೇ ಬೆರಳು ಹಾಕಿದ್ದಾಗಿರಬಹುದು. ಅಯ್ಯಮ್ಮ ಒಂದು ಹೇಳಿ ನಿಮಗೆ ಇನ್ನೊಂದು ಕೇಳಿಸಿರಬಹುದು. ನಿಮಗೆ ವಯಸ್ಸಾಯಿತು ನಾನಿಮಾ. ಮಾಮು ಕೂಡ ಫೋನಿನಲ್ಲಿ ಹಾಗೇ ಅಂದರು. ಊಟ ಬಿಟ್ಟು ಖಾಲಿ ಅಂಗಡಿಗೆ ಹೋಗಿ ಡಬ್ಬಿ ನೋಡುತ್ತಾ ಕೂತಿದ್ದಿರಂತೆ.

ಆ ನಾಲ್ಕನ್ನು ತೆಗೆದರೆ ನನ್ನ ಬಳಿ ಏನಿದೆ? ಸಣ್ಣವು. ಎಲ್ಲರಿಗೂ ಗೊತ್ತಿರುವ ಸಣ್ಣವು. ಅದಕ್ಕೆ ಯಾರೂ ಕೆಲಸ ಕೊಡುವುದಿಲ್ಲ. ನಿಮಗೆ ಹೇಳಿರಲಿಲ್ಲ, ನನ್ನ ಫೆಲೋಶಿಪ್ ಜೂನ್‌ನಲ್ಲೇ ಮುಗಿದಿದೆ. ಸರ್ ದಯೆಯಿಂದ ಲ್ಯಾಬಿನ ಕೀಲಿ ನನ್ನ ಕೈಯಲ್ಲಿ ಉಳಿದಿದೆ, ಅಷ್ಟೇ. ಅವರು ಸಭೆಯವರಿಗೆ ಈಗಾಗಲೇ ಬರೆದಾಗಿದೆ. ಈಗ ಹೋಗಿ ಏನೆಂದು ಹೇಳಲಿ, ನಮ್ಮ ನಾನಿ ಜರಡಿಗೆ ಉಡಿ ತುಂಬಿದ್ದರು ಎಂದೇ? ನಗುತ್ತಾರೆ. ಆಮೇಲೆ ನಗುವುದನ್ನೂ ಬಿಡುತ್ತಾರೆ. ಮಾನ್ವಿಗೆ ಖಾಲಿ ಕೈಯಲ್ಲಿ ಹೇಗೆ ಬರಲಿ? ಅಮ್ಮನ ಮುಂದೆ ಹೇಗೆ ನಿಲ್ಲಲಿ?

ಈ ವಿಷಯ ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಒಂದು ಸಾಲು ಬರೆದು ಕಳಿಸಿ. "ನನಗೆ ಸರಿಯಾಗಿ ನೆನಪಿಲ್ಲ" ಎಂದು, ಅಷ್ಟೇ. ಸುಳ್ಳು ಹೇಳಿರಿ ಎಂದು ಕೇಳುತ್ತಿಲ್ಲ. ನೆನಪಿಲ್ಲ ಎನ್ನಿ. ಅದಿದ್ದರೆ ನಾನು 20ಕ್ಕೆ ಎದ್ದು ನಿಲ್ಲಬಲ್ಲೆ.

ಕಟ್ಟೆಯ ಮನೆ ಇನ್ನೂ ನಮಗಾಗಿ ಹಿಡಿದಿಟ್ಟಿದ್ದಾರೆ.

ನಾಹಿದ್


ರಾಯಚೂರು
4 ಜನವರಿ 2025

ನಾಹಿದ್,

ನನ್ನ ಮುಪ್ಪನ್ನು ಸುಳ್ಳುಸಾಕ್ಷಿಗೆ ಕರೆದೆಯಲ್ಲ, ಚೆನ್ನಾಗಿದೆ. ಜಹೀರ್ ನನಗೆ ಕೇಳುವುದಿಲ್ಲ ಎಂದು ಬಾಗಿಲು ಹಾಕಿದ. ನೀನು ನನಗೆ ನೆನಪಿಲ್ಲ ಎಂದು ಇನ್ನೊಂದು ಬಾಗಿಲು ಹಾಕಲು ನೋಡುತ್ತಿದ್ದೀ, ಅದಕ್ಕೆ ಚಿಲಕ ನಾನೇ ಹಾಕಿಕೊಡಬೇಕಂತೆ. ಹಾಕುವುದಿಲ್ಲ. ಕಿವಿ ಹೋಗಿದೆ. ನೆನಪು ಇದೆ. ನೆಟ್ಟಗಿದೆ.

ಇಬ್ಬರಿಗೆ ಬಿಟ್ಟರೆ ಗೊತ್ತಿಲ್ಲ ಅಂದೆ. ಅಯ್ಯಮ್ಮನಿಗೆ ಗೊತ್ತು. ಅಂದರೆ ದೇವದುರ್ಗದ ಬಸ್ ಸ್ಟ್ಯಾಂಡಿಗೆ ಗೊತ್ತು.

ಗುಂಡಿ ನಿನ್ನದಲ್ಲ. ಹಬ್ಬದ ದಿನ ನೀನು ಚಮಚದಲ್ಲಿ ತೆಗೆದೆ, "ಕೈ ತಾಗಬಾರದು ನಾನಿಮಾ" ಎಂದು ನನ್ನ ಕೈ ಹಿಂದಕ್ಕೆ ತಳ್ಳಿದೆ. ಆ ಮಾತು ಅಂಗಡಿಯಲ್ಲಿ ನನಗೆ ನೆನಪಾಗಬೇಕಿತ್ತು. ಆಗಲಿಲ್ಲ. ಅಲ್ಲಿಗೆ ನನ್ನ ತಪ್ಪು. ಹೊಸದೆಂದು ನೀಲಿಗೆ ಅದ್ದಲಿಲ್ಲ. ಅಲ್ಲಿಗೆ ನಿನ್ನದು. ಈ ಎರಡು ಅರಿಯದೆ ಆದವು. ಇಪ್ಪತ್ತನೇ ತಾರೀಖು ಆ ನಾಲ್ಕನ್ನು ತೋರಿಸಲು ಎದ್ದು ನಿಂತರೆ ಅದು ಅರಿಯದೆ ಆದದ್ದಲ್ಲ.

ಡಬ್ಬಿಯನ್ನು ಇದರ ಜೊತೆ ಪಾರ್ಸೆಲ್ ಮಾಡಿಸಿದ್ದೇನೆ. ಗುಂಡಿ ದಾರಿಯಲ್ಲಿ ಅಲುಗಾಡಿ ಮುಚ್ಚಿಹೋಗಿರುತ್ತದೆ, ಅದನ್ನು ಹುಡುಕಬೇಡ. ಆ ನಾಲ್ಕನ್ನೂ ಇದರೊಳಗಿನ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡು. ಹದಿನಾಲ್ಕನೇ ಚೀಲದಲ್ಲಿ ಮಣ್ಣು ಉಳಿದಿದ್ದರೆ ಬೇರೆ ಜರಡಿಯಲ್ಲಿ ತೊಳೆದು ನೋಡು. ನನ್ನನ್ನು ನಂಬಬೇಕಾಗಿಲ್ಲ, ನಿನ್ನ ಕಣ್ಣನ್ನು ನಂಬಿದರೆ ಸಾಕು. ನೀನು ಈಗಾಗಲೇ ಹಾಗೆ ತೊಳೆದು ನೋಡಿದ್ದೀ ಎಂದು ನನಗೆ ಅನುಮಾನ. ಇಲ್ಲದಿದ್ದರೆ ಒಂದು ವಾರ ಸುಮ್ಮನಿರುತ್ತಿರಲಿಲ್ಲ, ಮರುದಿನವೇ ಬೈದು ಬರೆಯುತ್ತಿದ್ದೆ.

ಸಣ್ಣವು ಎಂದು ಮೂಗು ಮುರಿಯುತ್ತೀ. ಸೆಪ್ಟೆಂಬರಿನಲ್ಲಿ ನೀನೇ ಬರೆದಿದ್ದೆ, ಕೆಟ್ಟ ನೀರಿನಲ್ಲಿ, ಹಸಿವಿನಲ್ಲಿ ಅವು ಬದುಕಿದವು ಎಂದು. ಸಮುದ್ರ ಹೇಗೆ ಕೆಟ್ಟಿತ್ತು ಎಂದು ಹೇಳುವವು ಅವೇ ತಾನೇ? ಅದನ್ನೇ ಎದ್ದು ನಿಂತು ಹೇಳು. ಕೇಳುವವರು ಕಡಿಮೆ ಇದ್ದರೆ ಇರಲಿ. ನನಗೂ ಕಡಿಮೆಯೇ ಇದ್ದಾರೆ.

ಕಟ್ಟೆಯ ಮನೆ ಬಿಟ್ಟುಬಿಡು. ಮೂರನೇ ಮಹಡಿ ಅಭ್ಯಾಸವಾಗುತ್ತದೆ ಎಂದು ನಿನ್ನ ಸಮಾಧಾನಕ್ಕೆ ಬರೆಯುವುದಿಲ್ಲ. ಆಗಿಲ್ಲ. ಆಗುವುದೂ ಇಲ್ಲ. ದಿನಾ ಬೆಳಗ್ಗೆ ಎದ್ದು ಆ ಟ್ಯಾಂಕಿನ ಮುಖವನ್ನೇ ನೋಡುತ್ತೇನೆ. ಆ ಮನೆಯ ಕಟ್ಟೆಯ ಮೇಲೆ ಕನಸಿನಲ್ಲಿ ನಾನೂ ಕೂತಿದ್ದೇನೆ. ಆದರೆ ನನ್ನ ಚಿಟಿಕೆ ಮಣ್ಣಿನ ಮೇಲೆ ಕಟ್ಟಿದ ಮನೆಯಲ್ಲಿ ನಾನು ಕಾಲಿಡುವುದಿಲ್ಲ. ಅಲ್ಲಿಯೂ ಕಿಟಕಿಯಲ್ಲಿ ಕಾಣುವುದು ಆ ಗೋಡೆಯಷ್ಟು ದೊಡ್ಡ ಚಿತ್ರವೇ.

ನಿನ್ನ ಸರ್‌ಗೆ ನಾನು ಬರೆಯುವುದಿಲ್ಲ. ಹೇಳುವುದು ನಿನ್ನ ಕೆಲಸ. ಕಮರುನ್ನೀಸಾಗೆ ಬೇಕಾದರೆ ನಾನು ಹೇಳುತ್ತೇನೆ, ಆಕೆಯ ಬಾಯಿಗೆ ಕೇಳದ ಕಿವಿಯೇ ಸರಿ.

ಖಾಲಿ ಕೈಯಲ್ಲಿ ಹೇಗೆ ಬರಲಿ ಎಂದು ಕೇಳಿದೆ. ಇಷ್ಟು ವರ್ಷ ಒಂದು ಜರಡಿಯನ್ನೂ ಖಾಲಿ ಕಳಿಸದವಳು ಹೇಳುತ್ತಿದ್ದೇನೆ. ಖಾಲಿ ಬಾ.

ಸರ್‌ಗೆ ಹೇಳಿದೆ ಅಥವಾ ಹೇಳಲಿಲ್ಲ, ಎರಡರಲ್ಲಿ ಒಂದು. ಫೋನ್ ಮಾಡಬೇಡ, ಜಹೀರನ ಕೈಯಲ್ಲಿ ಹೇಳಿಕಳಿಸಬೇಡ. ಕಾಗದದ ಮೇಲೆ, ನಿನ್ನ ಕೈಬರಹದಲ್ಲಿ, ಜನವರಿ 15ರೊಳಗೆ ನನಗೆ ಉತ್ತರ ಬರಬೇಕು.

ಮುನವ್ವರ್ ಬೀ